ನೀರಿನ ಗುರುತಿಗಿಂತ ಮೇಲೆ



ಹೊಸ ಮನೆ ಆಶೀರ್ವದಿಸಲು ಯಾರಾದರೂ ಕರೆದರೆ, ಪವಿತ್ರ ಜಲ ಪ್ರೋಕ್ಷಿಸುವ ಮೊದಲು ನಾನು ಹೊಸ್ತಿಲಿನ ಎತ್ತರ ನೋಡುತ್ತೇನೆ. ನಾರಾಯಣಪೇಟೆ, ಮಕ್ತಲ್, ಗದ್ವಾಲದ ನಮ್ಮ ಸೀಮೆ ಸಮುದ್ರದಿಂದ ದೂರ. ಆದರೆ ಕೊಲ್ಲಿಯಲ್ಲೆದ್ದ ಮಳೆ ನಮ್ಮಲ್ಲಿಗೆ ನದಿಯಾಗಿ ಬರುತ್ತದೆ. ಮಕ್ತಲ್ ಕಡೆ ಕೃಷ್ಣೆ, ಭೀಮೆ. ಗದ್ವಾಲದ ನಡಿಗಡ್ಡೆಗೆ ಒಂದು ಬದಿ ಕೃಷ್ಣೆ, ಇನ್ನೊಂದು ಬದಿ ತುಂಗಭದ್ರೆ.

2009ರ ಸೆಪ್ಟೆಂಬರ್ ಕೊನೆಯಲ್ಲಿ ವಾಯುಭಾರ ಕುಸಿತದಿಂದ ಉತ್ತರ ಕರ್ನಾಟಕದಲ್ಲಿ ಭಾರಿ ಮಳೆಯಾಯಿತು. ಅಕ್ಟೋಬರ್ ಆರಂಭದಲ್ಲಿ ತುಂಗಭದ್ರೆ ಮಂತ್ರಾಲಯ, ರಾಜೋಲಿ, ಕರ್ನೂಲಿಗೆ ನುಗ್ಗಿತು. ರಾಜೋಲಿ ನೇಕಾರರ ಊರು. ಗುಂಡಿಮಗ್ಗ ನೆಲ ಅಗೆದು ಹೂಡಿದ್ದು. ನೀರು ಹೊಸ್ತಿಲು ದಾಟಿದರೆ ಮೊದಲು ತುಂಬುವುದೇ ಆ ಗುಂಡಿ. ಮನೆಯ ಜೊತೆ ದುಡಿಮೆಯೂ ಮುಳುಗುತ್ತದೆ.

ಇಷ್ಟು ಕಂಡ ಮೇಲೂ ನದಿಯಂಚಿನಲ್ಲಿ ಹಳೆಯ ಮಟ್ಟದಲ್ಲೇ ಮನೆ ಏಳುವುದೇಕೆ? ಕೇಳಿದರೆ ಸಿಗುವ ಉತ್ತರ ಮೂರು. “ಅಂಥ ನೆರೆ ನೂರು ವರ್ಷಕ್ಕೊಮ್ಮೆ, ನಮ್ಮ ಕಾಲದ್ದು ಮುಗಿಯಿತು.” “ಪಕ್ಕದವರೇ ಎತ್ತರಿಸಿಲ್ಲ.” “ಮಗಳ ಮದುವೆ ಆಗಲಿ ಫಾದರ್, ಆಮೇಲೆ ನೋಡೋಣ.” ಇವು ದಡ್ಡರ ಮಾತಲ್ಲ. ಕಲ್ಲು, ಸಿಮೆಂಟಿನ ಖರ್ಚು ಇಂದಿನದು; ನೆರೆ ಎಂದಿನದೋ ಗೊತ್ತಿಲ್ಲ.

ಆದರೆ ಮೊದಲ ಉತ್ತರದ ಲೆಕ್ಕ ಸರಿಯಿಲ್ಲ. ನೂರು ವರ್ಷದ ನೆರೆ ಎಂದರೆ ನೂರು ವರ್ಷ ಬಿಡುವು ಎಂದಲ್ಲ. ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಂಭವ ಇದ್ದೇ ಇರುತ್ತದೆ. 30 ವರ್ಷ ಬಾಳುವ ಮನೆಗೆ ಅದು ಸುಮಾರು ನಾಲ್ಕರಲ್ಲಿ ಒಂದು ಪಾಲು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, 2020ರ ಅಕ್ಟೋಬರ್‌ನಲ್ಲಿ ಭೀಮೆ ಮತ್ತೆ ಉಕ್ಕಿದ್ದನ್ನು ನಾವೇ ಕಂಡಿದ್ದೇವೆ.

ನದಿ ಬಿಟ್ಟು ದೂರ ಹೋಗಿ ಎನ್ನುವುದು ಸುಲಭ. ಹೊಲ, ಮಗ್ಗ, ಕೂಲಿ ಎಲ್ಲವೂ ಇಲ್ಲಿರುವವರು ಎಲ್ಲಿಗೆ ಹೋಗಬೇಕು? ಆದ್ದರಿಂದ ಆಗುವಷ್ಟನ್ನು ಮಾಡೋಣ. 2009ರಲ್ಲಿ ನೀರು ಎಲ್ಲಿಯವರೆಗೆ ನಿಂತಿತ್ತೆಂದು ಹಿರಿಯರನ್ನು ಕೇಳಿ, ಅದಕ್ಕಿಂತ ಮೇಲೆ ತಳಪಾಯ ಎತ್ತರಿಸಿ. ಅಷ್ಟು ಹಣವಿಲ್ಲವೇ? ಒಂದು ಗಟ್ಟಿ ಅಟ್ಟವಾದರೂ ಇರಲಿ. ನೂಲು, ಪಟ್ಟಾ ಪುಸ್ತಕ, ರೇಷನ್ ಕಾರ್ಡ್ ಅಲ್ಲಿರಲಿ. ಮಣ್ಣಿನ ಗೋಡೆಯ ಬುಡಕ್ಕೆ ಕಲ್ಲು ಕಟ್ಟಿಸಿ. ಒಂದು ಓಣಿಯವರು ಕೂಡಿ ಮಾಡಿದರೆ ಟ್ರ್ಯಾಕ್ಟರ್ ಬಾಡಿಗೆಯೂ ಹಂಚಿಹೋಗುತ್ತದೆ, “ಪಕ್ಕದವರು ಮಾಡಿಲ್ಲ” ಎಂಬ ಮಾತೂ ಉಳಿಯುವುದಿಲ್ಲ. ಒಂಟಿ ವಿಧವೆಯ ಮನೆಗೆ ಎರಡು ಲೋಡು ಮೊರಂ ಹಾಕಿಸುವುದೂ ದಾನವೇ.

ಬಂಡೆಯ ಮೇಲೆ ಮನೆ ಕಟ್ಟಿದವನ ಸಾಮತಿ ನಮಗೆಲ್ಲ ಗೊತ್ತು. ಅದರಲ್ಲಿ ಮಳೆ ಎರಡೂ ಮನೆಗಳ ಮೇಲೆ ಸುರಿಯಿತು. ಮನೆ ಉಳಿಸಿದ್ದು ಮಳೆಗಿಂತ ಮೊದಲು ಮಾಡಿದ ಕೆಲಸ. ಮುಂಗಾರಿಗೆ ಮುನ್ನ ಇದನ್ನು ಮನೆಯವರೆಲ್ಲ ಕೂತು ಮಾತಾಡಿ.