ಇನ್ನೊಂದೇ ತುತ್ತು

ಒಂದು ವರ್ಷ ದಾಟಿದ ಮಗುವಿರುವ ಮನೆಗೆ ರಾತ್ರಿ ಏಳೂವರೆ ಹೊತ್ತಿಗೆ ಹೋಗಬಾರದು. ಹೋದರೆ ನಿಮಗೆ ಕಾಫಿ ಸಿಗುವುದಿಲ್ಲ. ಒಬ್ಬರು ಬಟ್ಟಲು ಹಿಡಿದು ಸೋಫಾದ ಹಿಂದೆ ಬಗ್ಗಿರುತ್ತಾರೆ. ಇನ್ನೊಬ್ಬರು ಕಿಟಕಿಯಲ್ಲಿ ನಿಂತು, ಆ ಕತ್ತಲಲ್ಲಿ ಎಲ್ಲೂ ಇಲ್ಲದ ಕಾಗೆಯನ್ನು ಕರೆಯುತ್ತಿರುತ್ತಾರೆ. ಮೂರನೆಯವರು ತಲೆಯ ಮೇಲೆ ಟವೆಲ್ ಹಾಕಿಕೊಂಡು ಕುಣಿಯುತ್ತಿರುತ್ತಾರೆ. ಇಷ್ಟಕ್ಕೆಲ್ಲ ಕಾರಣವಾದ ಮಗು ಊಟದ ಮೇಜಿನಡಿ ಕೂತು ಯಾರದೋ ಚಪ್ಪಲಿಯ ರುಚಿ ನೋಡುತ್ತಿರುತ್ತದೆ. ನಮ್ಮ ಮನೆಯಲ್ಲಿ ಟವೆಲ್ಲಿನ ಪಾತ್ರ ನನ್ನದು. ಜೀವನವಿಡೀ ಬ್ಯಾಂಕಿನಲ್ಲಿ ಸಾಲದ ಕಡತ ನೋಡಿದವನಿಗೆ ಈ ಕೆಲಸ ಒಗ್ಗಲು ಸ್ವಲ್ಪ ಸಮಯ ಹಿಡಿಯಿತು.

"ಮಾವ, ಬೆಳಗಿಂದ ಇವಳು ಏನೂ ತಿಂದಿಲ್ಲ ನೋಡಿ" ಎನ್ನುತ್ತಾಳೆ ಸೊಸೆ. ಲೆಕ್ಕದ ಚಪಲ ಬಿಡದ ನಾನು ಈ 'ಏನೂ' ಎಂಬುದರ ಆಡಿಟ್ ಮಾಡಿದ್ದೇನೆ. ಬೆಳಿಗ್ಗೆ ಅರ್ಧ ಇಡ್ಲಿ, ಆಮೇಲೆ ಅಜ್ಜಿಯ ಕೈಯಿಂದ ಏಲಕ್ಕಿ ಬಾಳೆಹಣ್ಣಿನ ಮುಕ್ಕಾಲು, ಪಕ್ಕದ ಮನೆಯವರು ಕೊಟ್ಟ ಎರಡು ಬಿಸ್ಕತ್ತು, ಮಧ್ಯಾಹ್ನ ನಾಲ್ಕು ತುತ್ತು ಬೇಳೆ ಅನ್ನ, ನಿದ್ದೆಗೆ ಮುಂಚೆ ಒಂದು ಲೋಟ ಹಾಲು, ಎದ್ದ ಮೇಲೆ ಇನ್ನೊಂದು. ಇದನ್ನೆಲ್ಲ ಹೇಳಿದರೆ ಮನೆಯಲ್ಲಿ ನನಗೆ ಊಟ ಸಿಗುವುದು ಕಷ್ಟ. ಬಟ್ಟಲಲ್ಲಿ ಉಳಿದದ್ದು ಮಾತ್ರ ತಾಯಂದಿರ ಲೆಕ್ಕಕ್ಕೆ ಬರುತ್ತದೆ, ಹೊಟ್ಟೆಗೆ ಹೋದದ್ದು ಬರುವುದಿಲ್ಲ.

ಮಗು ಈ ವಯಸ್ಸಿನಲ್ಲಿ ಕಡಿಮೆ ತಿನ್ನುವುದಂತೂ ನಿಜ. ಅದಕ್ಕೆ ಕಾರಣವೂ ಸರಳ. ಹುಟ್ಟಿದಾಗ ಮೂರು ಕಿಲೋ ಇದ್ದ ಕೂಸು ವರ್ಷ ತುಂಬುವಷ್ಟರಲ್ಲಿ ಒಂಬತ್ತಕ್ಕೆ ಬರುತ್ತದೆ, ಅಂದರೆ ಮೂರು ಪಟ್ಟು. ಎರಡನೆಯ ವರ್ಷ ಪೂರ್ತಿ ಕಳೆದರೂ ಏರುವುದು ಎರಡೂವರೆ ಕಿಲೋ ಆಸುಪಾಸು. ಮೊದಲ ವರ್ಷದ ಓಟವನ್ನೇ ಮುಂದುವರಿಸಿದ್ದರೆ ಎರಡು ತುಂಬುವಾಗ ಇಪ್ಪತ್ತೇಳು ಕಿಲೋ ಆಗಿ ಅಜ್ಜಿಯೇ ಎತ್ತಲಾರದೆ ಕೂರಬೇಕಿತ್ತು. ಬೆಳವಣಿಗೆ ನಿಧಾನವಾದಾಗ ಹಸಿವೂ ನಿಧಾನವಾಗುತ್ತದೆ. ಸಾಲದ್ದಕ್ಕೆ ದವಡೆ ಹಲ್ಲು ಬರುವುದೂ ಇದೇ ಕಾಲಕ್ಕೆ. ವಸಡು ನೋಯುವಾಗ ಚಕ್ಕುಲಿಯಾದರೂ ಅಷ್ಟೇ, ಚಿನ್ನವಾದರೂ ಅಷ್ಟೇ. ಎಲ್ಲಕ್ಕಿಂತ ಮುಖ್ಯವಾಗಿ, ನಡೆಯಲು ಕಲಿತ ಮಗುವಿಗೆ ಕೂರುವುದೇ ಶಿಕ್ಷೆ. ಪಾತ್ರೆ ಗೂಡು ತೆರೆದಿದೆ, ಮೆಟ್ಟಿಲಿದೆ, ನಲ್ಲಿಯಿದೆ. ಇಷ್ಟೆಲ್ಲ ಕೆಲಸವಿರುವಾಗ ಅನ್ನದ ಮುಂದೆ ಕೂತು ಕಾಲ ಕಳೆಯಲು ಯಾರಿಗೆ ಪುರುಸೊತ್ತು?

ಹಾಗಾದರೆ ಎಷ್ಟು ತಿನ್ನಬೇಕು ಎಂಬುದು ಮಗುವಿಗೇ ಗೊತ್ತಿರುತ್ತದೆಯೆ? ಅಮೆರಿಕದ ವೈದ್ಯೆ ಕ್ಲಾರಾ ಡೇವಿಸ್ 1920ರ ದಶಕದ ಕೊನೆಯಲ್ಲಿ ಇದನ್ನು ಪರೀಕ್ಷಿಸಲು ಹೊರಟರು. ಆಗಷ್ಟೇ ಎದೆಹಾಲು ಬಿಟ್ಟ ಶಿಶುಗಳು, ಕೊನೆಗೆ ಒಟ್ಟು 15. ಅವುಗಳಿಗಾಗಿ 34 ಬಗೆಯ ಆಹಾರದ ಪಟ್ಟಿ. ಹೊತ್ತು ಹೊತ್ತಿಗೆ ಅದರಲ್ಲಿ ಕೆಲವನ್ನು ಬೇರೆ ಬೇರೆ ಬಟ್ಟಲಲ್ಲಿ ಮುಂದಿಡುತ್ತಿದ್ದರು. ದಾದಿ ಚಮಚ ಹಿಡಿದು ಸುಮ್ಮನೆ ಪಕ್ಕದಲ್ಲಿ ಕೂರಬೇಕು. ಮಗು ಕೈ ಚಾಚಿದರೆ ಮಾತ್ರ ಆ ಬಟ್ಟಲಿನಿಂದ ಒಂದು ಚಮಚ. ತಿನ್ನು ಎನ್ನುವಂತಿಲ್ಲ, ಬೇಡ ಎನ್ನುವಂತಿಲ್ಲ, ಮುಖ ಅರಳಿಸುವಂತೆಯೂ ಇಲ್ಲ. ನಮ್ಮ ಅಜ್ಜಿಯರನ್ನು ಆ ಕೆಲಸಕ್ಕೆ ತೆಗೆದುಕೊಂಡಿದ್ದರೆ ಪ್ರಯೋಗ ಒಂದೇ ದಿನಕ್ಕೆ ಮುಗಿಯುತ್ತಿತ್ತು.

ಮಕ್ಕಳ ಊಟ ವಿಚಿತ್ರವಾಗಿತ್ತು. ಕಿತ್ತಳೆ ರಸ ಮತ್ತು ಈಲಿ ಒಬ್ಬನ ಬೆಳಗಿನ ಉಪಾಹಾರ. ರಾತ್ರಿಗೆ ಬರೀ ಮೊಟ್ಟೆ, ಬಾಳೆಹಣ್ಣು, ಹಾಲು. ಉಪ್ಪಿನ ಬಟ್ಟಲಿಗೆ ಕೈ ಹಾಕಿ, ಬಾಯಿಗಿಟ್ಟು, ಕೆಮ್ಮಿ ಕಣ್ಣೀರಿಟ್ಟು ಮತ್ತೆ ಅದಕ್ಕೇ ಕೈ ಚಾಚುವವರಿದ್ದರು. ಒಂದು ಮಗುವಿಗೆ ರಿಕೆಟ್ಸ್ ಇತ್ತು, ಮೂಳೆ ಮೆತ್ತಗಾಗುವ ಕಾಯಿಲೆ. ಅದರ ತಟ್ಟೆಯ ಬಳಿ ಕಾಡ್ ಮೀನಿನ ಎಣ್ಣೆಯ ಲೋಟ ಇಟ್ಟರು. ನಮ್ಮ ಬಾಲ್ಯದಲ್ಲಿ ಮೂಗು ಹಿಡಿದು ಕುಡಿಸುತ್ತಿದ್ದರಲ್ಲ, ಅದೇ ಎಣ್ಣೆ. ಆ ಮಗು ಕಾಯಿಲೆ ವಾಸಿಯಾಗುವವರೆಗೆ ತಾನಾಗಿಯೇ ಅದನ್ನು ಕುಡಿಯಿತು, ಆಮೇಲೆ ಮುಟ್ಟಲಿಲ್ಲ. ಒಬ್ಬರ ಆಯ್ಕೆಯಂತೆ ಇನ್ನೊಬ್ಬರದಿರಲಿಲ್ಲ, ಆದರೂ ಎಲ್ಲ ಮಕ್ಕಳೂ ಚೆನ್ನಾಗಿ ಬೆಳೆದವು.

ಈ ಕತೆ ಹೇಳಿ ಸೊಸೆಯ ಮುಂದೆ ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಅವಳು ಕೇಳಿದಳು: "ಆ ಮೂವತ್ನಾಲ್ಕರಲ್ಲಿ ಬಿಸ್ಕತ್ತಿತ್ತಾ ಮಾವ?" ಇರಲಿಲ್ಲ. ಸಕ್ಕರೆ ಇರಲಿಲ್ಲ, ಮೈದಾ ಇರಲಿಲ್ಲ. ಗುಟ್ಟು ಇರುವುದು ಪಟ್ಟಿಯಲ್ಲೇ ಎಂದು ಡೇವಿಸ್ ಕೂಡ ಬರೆದಿದ್ದಾರೆ. ಎಷ್ಟು ತಿನ್ನಬೇಕೆಂದು ಮಗು ಹೇಳಬಲ್ಲದು, ತಟ್ಟೆಯಲ್ಲಿ ಏನಿರಬೇಕೆಂದು ಹೇಳಲಾರದು. ಆ ಜವಾಬ್ದಾರಿ ನಮ್ಮದು, ಮತ್ತು ನಾವು ಸೋಲುವುದೂ ಅಲ್ಲಿಯೇ. ಅನ್ನ ಬಿಟ್ಟಿತೆಂಬ ಹೆದರಿಕೆಗೆ ಹಾಲು ಕೊಡುತ್ತೇವೆ, ಹಾಲು ಹೊಟ್ಟೆ ತುಂಬಿಸುತ್ತದೆ, ಹೊಟ್ಟೆ ತುಂಬಿದ ಮಗು ಮತ್ತೆ ಅನ್ನ ಬಿಡುತ್ತದೆ. ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ, ಬೇರೆ ಊಟದಿಂದ ಬರುವ ಕಬ್ಬಿಣ ಮೈಗೆ ಹತ್ತುವುದಕ್ಕೂ ಅದು ಅಡ್ಡಿ. ದಿನಕ್ಕೆ ಅರ್ಧ ಲೀಟರ್ ದಾಟಬೇಡಿ ಎಂದು ಮಕ್ಕಳ ಡಾಕ್ಟರು ಹೇಳುವುದು ಇದಕ್ಕೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೆ ರಕ್ತಹೀನತೆ. ಹಾಲು ಕೊಳ್ಳಲಾಗದ ಮನೆಯ ಮಕ್ಕಳೂ ಅದರಲ್ಲಿದ್ದಾರೆ, ಹಾಲಿನಲ್ಲೇ ಬೆಳೆದವರೂ ಇದ್ದಾರೆ. ಮೊಟ್ಟೆ, ಹೆಸರುಕಾಳು, ನಿಂಬೆಹುಳಿ ಹಿಂಡಿದ ಸೊಪ್ಪಿನ ಪಲ್ಯ: ಇವು ದುಬಾರಿಯಲ್ಲ, ಜಾಹೀರಾತು ಮಾತ್ರ ಇಲ್ಲ.

ಸೊಸೆ ಈಚೆಗೆ ಒಂದು ಧೈರ್ಯ ಮಾಡಿದ್ದಾಳೆ. ನೆಲದ ಮೇಲೆ ಹಳೆಯ ಸೀರೆ ಹಾಸಿ, ಅಂಚಿರುವ ಸ್ಟೀಲ್ ತಟ್ಟೆಯಲ್ಲಿ ಮೆತ್ತಗೆ ಕಲಸಿದ ಅನ್ನ, ಬೆಂದ ಕ್ಯಾರೆಟ್ ತುಂಡು ಇಟ್ಟು ಮಗುವನ್ನು ಕೂರಿಸಿ ತಾನೂ ಪಕ್ಕದಲ್ಲಿ ಉಣ್ಣುತ್ತಾಳೆ. ಮೊದಲು ಇಡೀ ಅಂಗೈ ಅನ್ನದೊಳಗೆ ಇಳಿಯುತ್ತದೆ. ಮುಷ್ಟಿ ಕಟ್ಟುತ್ತದೆ. ಬೆರಳ ಸಂದಿಯಿಂದ ಬೇಳೆ ಹೊರಬರುವುದನ್ನು ನೋಡಿ ಅದಕ್ಕೇ ಆಶ್ಚರ್ಯ. ಮುಷ್ಟಿ ಬಾಯಿಗೆ ಹೋದಾಗ ಬಿಡಿಸಬೇಕೆಂದು ಹೊಳೆಯದೆ ಹೊರಗಿನಿಂದಲೇ ನೆಕ್ಕುತ್ತದೆ. ಕೆಳಗೆ ಬಿದ್ದ ಒಂದೇ ಒಂದು ಅಗುಳನ್ನು ಹೆಬ್ಬೆರಳು ತೋರುಬೆರಳಲ್ಲಿ ಅಕ್ಕಸಾಲಿಗನ ಹಾಗೆ ಎತ್ತಿ, ಅದನ್ನು ತಾನು ತಿನ್ನದೆ ಅಮ್ಮನ ಬಾಯಿಗೆ ಇಡುತ್ತದೆ. ತುತ್ತು ಇಡುವುದನ್ನು ಇಷ್ಟು ದಿನ ನೋಡಿ ಕಲಿತಿದೆಯಲ್ಲ! ಕಡಲೆಬೀಜ, ಇಡೀ ದ್ರಾಕ್ಷಿ ಮಾತ್ರ ಆ ತಟ್ಟೆಗೆ ಬರುವುದಿಲ್ಲ, ಉಸಿರಿನ ನಾಳಕ್ಕೆ ಸಿಕ್ಕಿಕೊಂಡರೆ ಆಸ್ಪತ್ರೆಗೆ ಓಡಬೇಕಾಗುತ್ತದೆ. ಪಪ್ಪಾಯಿಯನ್ನು ಮೊಮ್ಮಗಳು ಮೊದಲ ದಿನ ಉಗಿದಳು, ಎರಡನೆಯ ಸಲವೂ ಉಗಿದಳು. ಹೊಸ ರುಚಿ ಹಿಡಿಸಲು ಎಂಟು ಹತ್ತು ಸಲ ಬೇಕಾಗಬಹುದಂತೆ, ನಾವು ಎರಡಕ್ಕೇ 'ಇವಳಿಗೆ ಆಗಲ್ಲ' ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ಮೊಬೈಲ್ ತೋರಿಸಿ ಉಣಿಸುವ ವಿಷಯ ಬಂದಾಗ ನನ್ನ ವಯಸ್ಸಿನವರು ಚಂದಮಾಮನನ್ನು ಎಳೆತರುತ್ತಾರೆ. ನನಗೆ ಅಷ್ಟೊಂದು ಹೆಮ್ಮೆಯಿಲ್ಲ. ಮೇಲೆ ನೋಡು ಎಂದು ಬಾಯಿಗೆ ತುತ್ತು ತುರುಕುತ್ತಿದ್ದುದೂ ಮೋಸವೇ. ಹೊಟ್ಟೆ ತುಂಬಿತೆಂದು ಮಗುವಿಗೆ ತಿಳಿಯದಂತೆ ಮಾಡುವುದರಲ್ಲಿ ಚಂದ್ರನೂ ಕಾರ್ಟೂನೂ ಒಂದೇ. ಒಂದು ವ್ಯತ್ಯಾಸವನ್ನಂತೂ ಒಪ್ಪಬೇಕು: ಚಂದ್ರ ಮಾತಾಡುತ್ತಿರಲಿಲ್ಲವಾದ್ದರಿಂದ ಅಜ್ಜಿಯೇ ಮಾತಾಡಬೇಕಿತ್ತು. ಬೂವ, ಕಾಕ, ಅಂಬಾ ಎಲ್ಲ ಆ ಹೊತ್ತಿನಲ್ಲೇ ಕಿವಿಗೆ ಬೀಳುತ್ತಿದ್ದವು, ಮಗು ಬೆರಳು ತೋರಿಸಿದ ಕಡೆಗೆ ಮಾತು ತಿರುಗುತ್ತಿತ್ತು. ಪರದೆ ಮಗುವಿನ ಬೆರಳನ್ನು ನೋಡುವುದಿಲ್ಲ. ಎರಡು ತುಂಬುವವರೆಗೆ ಪರದೆಯೇ ಬೇಡವೆಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳಿದೆ. ದೂರದ ಊರಿನ ಮಗನ ವಿಡಿಯೊ ಕರೆಗೆ ಮಾತ್ರ ನಮ್ಮಲ್ಲಿ ವಿನಾಯಿತಿ.

ಹೋದ ತಿಂಗಳು ಅಂಗನವಾಡಿಯಲ್ಲಿ ತೂಕ ಮಾಡಿಸಿದೆವು. ಟೀಚರು ತಾಯಿ ಕಾರ್ಡಿನ ಹಸಿರು ಪಟ್ಟಿಯ ನಟ್ಟನಡುವೆ ಚುಕ್ಕೆ ಇಟ್ಟು, "ಚೆನ್ನಾಗಿದ್ದಾಳೆ, ಬಲವಂತ ಮಾಡಬೇಡಿ" ಎಂದರು. ಸೊಸೆ ನನ್ನತ್ತ ನೋಡಿದಳು, ನಾನು ನಮ್ಮಾಕೆಯತ್ತ ನೋಡಿದೆ. ಅವಳು ಕಾರ್ಡನ್ನು ಕನ್ನಡಕದ ಹತ್ತಿರಕ್ಕೂ ದೂರಕ್ಕೂ ಹಿಡಿದು ಪರೀಕ್ಷಿಸಿ, ಮಡಿಸಿ ಚೀಲಕ್ಕೆ ಹಾಕಿದಳು. ಮನೆಯ ತಿರುವು ಬರುವವರೆಗೆ ಮಾತಾಡಲಿಲ್ಲ. ಆಮೇಲೆ, "ರೀ, ಆ ತಕ್ಕಡಿ ಹಳೇದಲ್ವಾ?" ಎಂದಳು.