ಬ್ಯಾಸಗಿಯ ತೆರೆದ ಬಾಗಿಲು ಮತ್ತು ಜಾತಿ ಕೇಳುವ ಮೊಬೈಲು



ಇಪ್ಪತ್ತು ದಿನ ಆತು, ಇಲ್ಲಿ ಏನೂ ಬರೆದಿಲ್ಲ. ಒಂದಿಬ್ಬರು ಗೆಳೆಯರು ಫೋನ್ ಮಾಡಿ "ಆರಾಮ ಅದೀರಿಲ್ಲೊ?" ಅಂತ ಕೇಳಿದರು. ಆರಾಮ ಅದೀನಿ. 2025ರ ಮೇ 5ಕ್ಕೆ ಒಳಮೀಸಲಾತಿ ಸಮೀಕ್ಷೆ ಶುರುವಾದಾಗಿನಿಂದ ಆಫೀಸ್ ಮುಗಿಸಿ, ಬಸ್ ಇಳಿದು, ಚೀಲ ಮನ್ಯಾಗ ಇಟ್ಟವನೇ ಕೇರಿ, ಪ್ಲಾಟು ಅಂತ ತಿರುಗೋದು ಆಗಿತ್ತು. ಇವತ್ತು ಭಾನುವಾರ ಅಂತ ಕುಂತು ಬರೀತಿದ್ದೀನಿ. ಸ್ವಲ್ಪ ಉದ್ದ ಆಗತೈತಿ. ಪುರುಸೊತ್ತು ಮಾಡ್ಕೊಂಡು ಓದ್ರಿ.

ನಮ್ಮ ಕೌಜಲಗಿ ಕಡೆ ಬ್ಯಾಸಗಿ ಅಂದರೆ ಬಾಗಿಲು ತೆರೆದಿರುವ ಕಾಲ. ಚಳಿಗಾಲ, ಮಳೆಗಾಲದಾಗ ಯಾರ ಮನ್ಯಾಗ ಏನು ನಡೆದೈತಿ ಗೊತ್ತಾಗಂಗಿಲ್ಲ. ಯುಗಾದಿ ದಾಟಿತೋ ಇಲ್ಲೊ, ಪತ್ರಾಸಿನ ಮನೆಯೊಳಗೆ ಮಧ್ಯಾಹ್ನ ಕೂಡೋಕೆ ಆಗೋದಿಲ್ಲ. ಮುದುಕರು ಬೇವಿನ ಗಿಡದ ಬುಡಕ್ಕೆ, ಹೆಣ್ಣುಮಕ್ಕಳು ಕಟ್ಟಿಗೆ, ಹುಡುಗರು ಬಾವಿಗೆ ಈಜಾಕ. ಸೂಟಿಗೆ ಅಂತ ಅಕ್ಕ-ತಂಗಿಯರ ಮಕ್ಕಳು ಬರ್ತಾರ, ಒಂದು ಮನೆಯೊಳಗೆ ಹನ್ನೆರಡು ತಾಟು. ರಾತ್ರಿ ಆತಂದ್ರ ಮಾಳಿಗೆ ಮೇಲೆ ಸಾಲಾಗಿ ಹಾಸಿಗೆ. ಒಬ್ಬರ ಮಾಳಿಗೆ ಮಾತು ಇನ್ನೊಬ್ಬರ ಮಾಳಿಗೆಗೆ ಕೇಳತಿರತೈತಿ. ಯಾರ ಮಗಳಿಗೆ ವರ ಬಂದಾನ, ಯಾರು ಸಾಲ ತೀರಿಸಿಲ್ಲ, ಎಲ್ಲಾ ಬಯಲಿಗೆ.

ಬಯಲಿಗೆ ಬರೋದರಾಗ ಜಾತಿನೂ ಒಂದು.

ನಮ್ಮ ಅಜ್ಜಿ ಕಾಲದಾಗ ಅದು ನೀರಿನಿಂದ ಬಯಲಿಗೆ ಬರ್ತಿತ್ತು. ಕೇರಿಯ ಬಾವಿ ಬತ್ತಿದ ಮೇಲೆ ಊರ ಬಾವಿ ಕಡೆ ಕೊಡ ಇಟ್ಟುಕೊಂಡು ಕುಂತು, ಮೇಲಿನವರು ಯಾರಾದರೂ ಬಂದು ಎತ್ತಿ ಹಾಕಲಿ ಅಂತ ಬಿಸಿಲಾಗ ಕಾಯೋದು. ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಾಗ ಇತ್ತು ಅನ್ನೋದನ್ನ ನಮ್ಮ ಹುಡುಗರಿಗೆ ಮತ್ತೆ ಮತ್ತೆ ಹೇಳ್ತೀನಿ. 1923ರಾಗ ಬೋಲೆಯವರು ಮುಂಬೈ ಶಾಸನಸಭೆಯಲ್ಲಿ ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆ ಎಲ್ಲರಿಗೂ ಮುಕ್ತ ಅಂತ ಠರಾವು ಪಾಸ್ ಮಾಡಿಸಿದ್ದರು. ಅದು ಬರೀ ಮಹಾಡಿಗಲ್ಲ, ಗೋಕಾಕ ತಾಲೂಕಿನ ಬಾವಿಗಳಿಗೂ ಸೇರಿದ್ದು. ಬಾಬಾಸಾಹೇಬರು 1927ರ ಮಾರ್ಚ್ 20ಕ್ಕೆ ಚವದಾರ ಕೆರೆ ನೀರು ಮುಟ್ಟಿದಾಗ ಆ ಠರಾವಿಗೆ ಜೀವ ಬಂತು. ಹೈಕೋರ್ಟಿನಾಗ ಆ ಕೇಸು ನಮ್ಮ ಕಡೆ ಆಗೋಕೆ ಮತ್ತೆ ಹತ್ತು ವರ್ಷ, 1937 ಬರಬೇಕಾತು. ನಮ್ಮ ಅಜ್ಜಿಗೆ ಠರಾವೂ ಗೊತ್ತಿಲ್ಲ, ಕೇಸೂ ಗೊತ್ತಿಲ್ಲ. ಕಾಯೋದು ಒಂದೇ ಗೊತ್ತಿತ್ತು.

ಈಗ ಕೇರಿಗೆ ನಳ ಬಂದೈತಿ. ನೀರು ಬರದ ದಿನ ಟ್ಯಾಂಕರ್ ಬರತೈತಿ. ಜಾತಿ ಬಯಲಿಗೆ ಬರುವ ದಾರಿ ಬದಲಾಗೇತಿ ಅಷ್ಟೆ.

ನಾನು ಕೇರಿಯಲ್ಲಿ ಹುಟ್ಟಿ ಬೆಳೆದವನು. ಹನ್ನೊಂದು ವರ್ಷದಿಂದ ಊರ ಹೊರಗಿನ ಪ್ಲಾಟಿನಾಗ ಬಾಡಿಗೆ ಮನೆಯಲ್ಲಿದ್ದೀನಿ. ಮನೆ ಕೇಳೋಕೆ ಹೋದಾಗ ಮೊದಲೇ ಜಾತಿ ಹೇಳಿದೆ. ಮೂರು ಮನೆಯವರು "ಮಗನ ಲಗ್ನ ಐತ್ರಿ, ನಮಗ ಬೇಕಾಗತೈತಿ" ಅಂದರು. ಆ ಮೂರು ಮನೆಯೊಳಗೂ ಆ ವರ್ಷ ಲಗ್ನ ಆಗಲಿಲ್ಲ. ನಾಲ್ಕನೆಯವರು ಕೊಟ್ಟರು, ಇವತ್ತಿನವರೆಗೂ ಒಂದು ಕೆಟ್ಟ ಮಾತಿಲ್ಲ. ಅಕ್ಕಪಕ್ಕದವರೂ ಒಳ್ಳೆಯವರೇ. ನನ್ನ ಮಗನಿಗೆ ಜ್ವರ ಬಂದಾಗ ರಾತ್ರಿ ಬೈಕ್ ತಗೊಂಡು ಬಂದವರು ಅವರೇ.

ಆದರೆ ಬ್ಯಾಸಗಿ ಬಂತಂದ್ರ ಹೆಣ್ಣುಮಕ್ಕಳ ಹ್ವಾರೆ ಶುರು ಆಗತೈತಿ. ಖಾರ ಮಾಡೋಕೆ ಮೆಣಸಿನಕಾಯಿ ತುಂಬು ಬಿಡಿಸೋದು, ಬ್ಯಾಳಿ ಹಸನ ಮಾಡೋದು, ಹಪ್ಪಳ, ಸಂಡಗಿ, ಕುರಡಗಿ, ಶ್ಯಾವಗಿ. ತುಂಬು ಬಿಡಿಸೋಕೆ ನನ್ನ ಹೆಂಡತಿಗೆ ಕರೆ ಬರತೈತಿ. "ಬರ್ರಿ ವೈನೀ, ನೀವು ಬಂದ್ರ ಮಾತಾಡ್ಕೋತ ಲಗೂನ ಮುಗೀತೈತಿ." ಬ್ಯಾಳಿ ಹಸನ ಮಾಡೋಕೂ ಕರೀತಾರ. ಹಿಟ್ಟು ನಾದಿದ ದಿನ, ಶ್ಯಾವಗಿ ಮಣಿ ಹೊರಗ ತಗದ ದಿನ ಕರೆಯೋದಿಲ್ಲ. ಯಾರೂ ಬೇಡ ಅಂದಿಲ್ಲ, ಯಾರೂ ಮುಖ ಮುರಿದಿಲ್ಲ. ಬರೀ ಆ ದಿನ ಕರೆ ಇರಂಗಿಲ್ಲ. ಮೂರು ಬ್ಯಾಸಗಿ ನೋಡಿ ಆಕಿ ಒಂದಿನ ಅಂದಳು: "ಒಣಾದ ಇರೂತನಕ ನಾವು ನೆರಮನಿಯವರು, ಹಸಿ ಆತಂದ್ರ ಕೇರಿಯವರು."

ಜಾತಿ ಬಗ್ಗೆ ನಾನು ಓದಿದ ದಪ್ಪ ಪುಸ್ತಕಗಳಲ್ಲಿ ಇಷ್ಟು ಸಣ್ಣ ಮಾತಿನಾಗ ಇಷ್ಟು ದೊಡ್ಡ ವಿಷಯ ಸಿಕ್ಕಿಲ್ಲ. ಈ ಏಪ್ರಿಲ್ 14ಕ್ಕೂ ಅದೇ ನೋಡಿದೆ. ಮೆರವಣಿಗೆ ಮುಗಿದ ಮೇಲೆ ಬೂಂದಿ ಪಾಕೀಟು ಹಂಚಿದಾಗ ಎಲ್ಲರೂ ಕೈ ಚಾಚಿದರು, "ಜಯಂತಿ ಭಾಳ ಚಲೋ ಆತ್ರಿ" ಅಂದರು. ಕೇರಿಯಲ್ಲಿ ಮಾಡಿದ ಗೋದಿ ಹುಗ್ಗಿ ಉಣ್ಣೋಕೆ ಬಂದವರು ಇಬ್ಬರೇ, ಇಬ್ಬರೂ ಕಾಲೇಜು ಓದೋ ಹುಡುಗರು. (ಡಿಜೆ ಬಗ್ಗೆ ನನ್ನ ಅಭಿಪ್ರಾಯ ನಿಮಗೆಲ್ಲ ಗೊತ್ತೈತಿ. ಮತ್ತೆ ಜಗಳ ಬೇಡ.)

ಅವತ್ತಿನಿಂದ ಮೂರೇ ವಾರಕ್ಕೆ ಈ ಸಮೀಕ್ಷೆ ಬಂತು.

ಗೊತ್ತಿಲ್ಲದವರಿಗೆ ಎರಡು ಮಾತು. 2024ರ ಆಗಸ್ಟ್ 1ಕ್ಕೆ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಪರಿಶಿಷ್ಟ ಜಾತಿಯೊಳಗೆ ಒಳವರ್ಗೀಕರಣ ಮಾಡಬಹುದು ಅಂತ ಹೇಳಿತು. ನಮ್ಮ ರಾಜ್ಯದಾಗ ಇದಕ್ಕೆ ಮೂರು ದಶಕದ ಹೋರಾಟ ಐತಿ. 2005ರಾಗ ಸದಾಶಿವ ಆಯೋಗ ಆತು, 2012ರಾಗ ವರದಿ ಬಂತು, ಕಪಾಟು ಸೇರಿತು. 2025ರಾಗ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಲೆಕ್ಕ ಸರಿ ಇಲ್ಲ, ಹೊಸದಾಗಿ ಮನೆ ಮನೆಗೆ ಹೋಗಬೇಕು ಅಂತು. ದಕ್ಷಿಣದ ಜಿಲ್ಲೆಗಳಲ್ಲಿ ಆದಿ ಕರ್ನಾಟಕ, ಆದಿ ದ್ರಾವಿಡ ಅಂತ ಬರೆಸಿದವರು ಮೂಲದಲ್ಲಿ ಹೊಲೆಯರೋ ಮಾದಿಗರೋ ದಾಖಲೆಯಿಂದ ತಿಳಿಯೋದಿಲ್ಲ. ನಮ್ಮ ಕಡೆ ಆ ತೊಡಕು ಕಡಿಮೆ, ಆದರೆ ಹಿರಿಯರು "ಹರಿಜನ" ಅಂತ ಹೇಳಿ ಸುಮ್ಮನಾಗ್ತಾರ. ಪಟ್ಟಿಯಲ್ಲಿರುವ 101 ಜಾತಿಯೊಳಗೆ ಹರಿಜನ ಅನ್ನೋದಿಲ್ಲ. ಎಸ್‌ಸಿ ಅಂದರೂ ಸಾಲದು. ಜಾತಿಯ ಹೆಸರೇ ಹೇಳಬೇಕು.

ಕೇರಿಯಲ್ಲಿ ಇದು ಹಬ್ಬದಂಗ ಆತು. ಟೀಚರ್ ಮೊಬೈಲ್ ಹಿಡ್ಕೊಂಡು ಬೇವಿನ ಗಿಡದ ಕಟ್ಟಿ ಮೇಲೆ ಕುಂತರು, ಒಬ್ಬೊಬ್ಬರೇ ಆಧಾರ್, ರೇಷನ್ ಕಾರ್ಡ್ ತಂದರು. ಒಬ್ಬ ದೊಡ್ಡವ್ವ ತನ್ನ ವಯಸ್ಸು ಹೇಳೋಕೆ ಬರಗಾಲದ ಲೆಕ್ಕ ಹಿಡಿದಳು, ಎಲ್ಲರೂ ನಕ್ಕರು. ಗೋವಾಕ್ಕೆ ಕೆಲಸಕ್ಕೆ ಹೋದವರ ಹೆಸರು ಬಿಟ್ಟುಹೋಗದಂಗ ಫೋನ್ ಹಚ್ಚಿ ಕೇಳಿದೆವು. ಯುದ್ಧದ ಸುದ್ದಿ ಜೋರಾಗಿದ್ದ ಆ ನಾಲ್ಕು ದಿನ ಮಾತ್ರ ಎಲ್ಲರ ಕಣ್ಣು ಟಿವಿ ಮೇಲೆ, ಟೀಚರ್ ಕರೆದರೂ ಯಾರೂ ಬರವಲ್ಲರು. ಕೇರಿಯೊಳಗಿನ ಮಾತುಗಳೂ ಇದ್ದವು, ಇಲ್ಲ ಅನ್ನೋದಿಲ್ಲ. "ಅವರ ಲೆಕ್ಕ ಹೆಚ್ಚಾದ್ರ ನಮಗ ಕಡಿಮಿ ಆಗತೈತೇನೋ" ಅಂತ ಹೊಲೆಯರೂ ಕೇಳಿದರು, ಮಾದಿಗರೂ ಕೇಳಿದರು. ನಾನು ಮಾದಿಗ. ನನ್ನ ಪಕ್ಕದಲ್ಲಿ ಕುಂತು ಫಾರ್ಮ್ ನೋಡಿಕೊಂಡ ಗೆಳೆಯ ಛಲವಾದಿ. ಇಬ್ಬರೂ ಒಂದೇ ತಂಬಿಗೆ ನೀರು ಕುಡಿದು ಸಂಜೆವರೆಗೂ ಕುಂತೆವು. ನೋಡಿದವರು ನೋಡಿದರು.

ತೊಡಕು ಬಂದದ್ದು ಪ್ಲಾಟುಗಳಲ್ಲಿ. ಈ ಇಪ್ಪತ್ತು ದಿನದಾಗ ಕೌಜಲಗಿ, ಮೂಡಲಗಿ, ಗೋಕಾಕ ಮೂರೂ ಕಡೆ ತಿರುಗೀನಿ. ಈಗ ಹೇಳೋದು ಎಲ್ಲಿಯದು ಅಂತ ದಯವಿಟ್ಟು ಕೇಳಬ್ಯಾಡ್ರಿ. ಅವರನ್ನ ಕೇಳಿಯೇ ಬರೀತಿದ್ದೀನಿ, ಗುರುತು ಸಿಗುವಂಥದ್ದು ಬಿಟ್ಟೀನಿ.

ಸಂಜೆ ಆರರ ಹೊತ್ತು. ಬಿಸಿಲು ತಗ್ಗಿತ್ತು, ಸಾಲು ಮನೆಗಳ ಹೆಣ್ಣುಮಕ್ಕಳೆಲ್ಲ ಹೊರಗೆ, ಒಣಗಿದ ಹಪ್ಪಳ ಡಬ್ಬಿಗೆ ತುಂಬುತಿದ್ದರು. ಟೀಚರ್ ಗೇಟಿನ ಹೊರಗೆ ನಿಂತು, ಪಾಪ ಅವರೂ ದಣಿದಿದ್ದರು, ಜೋರಾಗಿ ಕೇಳಿದರು: "ಅಕ್ಕಾರ, ಎಸ್‌ಸಿ ಸಮೀಕ್ಷಾ ರೀ. ನೀವು ಯಾವ ಪೈಕಿ?" ಸಾಲಿಗೆ ಸಾಲೇ ಸುಮ್ಮನಾತು. ಆ ಬಾಡಿಗೆ ಮನೆಯ ಹೆಣ್ಣುಮಗಳು ಡಬ್ಬಿ ಮುಚ್ಚಳ ಹಾಕುತ್ತ "ನಮ್ಮದು ಅದರಾಗ ಬರಂಗಿಲ್ರಿ, ಮುಂದಿನ ಮನಿಗಿ ಹೋಗ್ರಿ" ಅಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಸೆಕೆಯೊಳಗೆ ಹಾಕಿದ ಬಾಗಿಲು ಅದೊಂದೇ.

ಸಹಾಯ ಬೇಕಾದವರು ಫೋನ್ ಮಾಡ್ರಿ ಅಂತ ನಾವು ವಾಟ್ಸಾಪಿನಾಗ ನಂಬರ್ ಬಿಟ್ಟಿದ್ದೆವು. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. ಸಣ್ಣ ದನಿ. "ಅಣ್ಣಾರ, ನಾವೂ ನಿಮ್ಮ ಪೈಕಿನ ರೀ." ಮೇ 2ಕ್ಕೆ ಮಗಳ ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದೈತಿ, ಪಾಸಾಗ್ಯಾಳ, ಪಿಯುಸಿಗೆ ಹಚ್ಚಬೇಕು, ಸ್ಕಾಲರ್‌ಶಿಪ್ಪಿಗೆ ಜಾತಿ ಸರ್ಟಿಫಿಕೇಟ್ ಬೇಕು. ಶಾಲೆಯ ದಾಖಲೆಯಲ್ಲಿ ಜಾತಿ ಐತಿ, ಓಣಿಯಲ್ಲಿ ಇಲ್ಲ. ಸಮೀಕ್ಷೆಯೊಳಗೆ ಹೆಸರಿಲ್ಲದಿದ್ದರೆ ಮುಂದೆ ಮಗಳಿಗೆ ತ್ರಾಸ ಆಗತೈತೇನು ಅಂತ ಆಕಿಯ ಭಯ. ಸರ್ಟಿಫಿಕೇಟಿಗೂ ಈ ಲೆಕ್ಕಕ್ಕೂ ಸಂಬಂಧ ಇಲ್ಲವ್ವಾ, ಆದರೆ ಲೆಕ್ಕದಾಗ ಇರೋದು ಒಳ್ಳೇದು ಅಂದೆ.

ಆಮೇಲೆ ಗಂಡ ಫೋನ್ ಇಸಿದುಕೊಂಡ. ಆತನ ಮಾತು ಇದ್ದಂಗೇ ಬರೀತೀನಿ: "ಸರ್, ನೀವು ಕೇರ್ಯಾಗ ಹುಟ್ಟಿದವರು, ಊರಿಗೇ ಗೊತ್ತೈತಿ. ನಿಮಗ ಹೇಳಾಕ ಖರ್ಚಿಲ್ಲ. ನಾ ಹೇಳಿದ್ರ ಒಂದ ಮನಿ ಖರ್ಚಾಗತೈತಿ. ನಾಳೆ ಮಾಲಕ ಖಾಲಿ ಮಾಡ ಅಂದ್ರ ನಿಮ್ಮ ಆಯೋಗ ಮನಿ ಕೊಡತೈತೇನು?"

ಕೊಡೋದಿಲ್ಲ. ಹಂಗ ಅಂತಲೇ ಹೇಳಿದೆ.

ಈ ಮಾತು ಬರೆಯೋಕೇ ಇಷ್ಟುದ್ದ ಬರೆದದ್ದು. ಈ ವಾರ ನಮ್ಮವರದೇ ಪೋಸ್ಟುಗಳನ್ನ ನೋಡೀನಿ: ಜಾತಿ ಮುಚ್ಚಿಟ್ಟವರು ದ್ರೋಹಿಗಳು, ಮೀಸಲಾತಿ ತಿಂದು ಬಾಬಾಸಾಹೇಬರನ್ನ ಮರೆತವರು, ಇಂಥವರ ಹೆಸರು ಬಯಲು ಮಾಡಬೇಕು ಅಂತ. ಸ್ವಲ್ಪ ತಡೀರಿ. ಬಾಬಾಸಾಹೇಬರು ಅಮೆರಿಕ, ಲಂಡನ್ನಿನಾಗ ಓದಿ ಬಂದು 1917ರಾಗ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದಾಗ ಇರೋಕೆ ಜಾಗ ಸಿಗಲಿಲ್ಲ. ಪಾರ್ಸಿ ಛತ್ರದಾಗ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ಕೋಲು ಹಿಡಿದ ಪಾರ್ಸಿಗಳು ಬಂದು ಹೊರಗೆ ಹಾಕಿದರು. ಅವತ್ತು ಊರಾಗ ಎಲ್ಲೂ ಜಾಗ ಸಿಗದೆ ಒಂದು ಸಾರ್ವಜನಿಕ ತೋಟದಾಗ ಕುಂತು ರೈಲಿಗೆ ಕಾದರು. 'ವೇಟಿಂಗ್ ಫಾರ್ ಎ ವೀಸಾ'ದಾಗ ಅವರೇ ಬರೆದಾರ, ಮುಚ್ಚಿಡದೆ ಬರೆದಾರ. ಮನೆ ಸಲುವಾಗಿ ಹೆಸರು ಮರೆಸಿದವರು ದ್ರೋಹಿ ಅಂದರೆ ಆ ಪಟ್ಟಿ ಯಾರಿಂದ ಶುರು ಮಾಡ್ತೀರಿ?

ಮನೆ ಕೊಡದವನನ್ನ ಬಿಟ್ಟು ಮನೆ ಕಳೆದುಕೊಳ್ಳೋನನ್ನ ಬೈಯೋದು ಸುಲಭ. ಬೆಂಗಳೂರಿನಂಥ ಊರಾಗ ಇಂಥ ಮನೆ ಎಷ್ಟಿರಬೇಕು ಅಂತ ನೀವೇ ಅಂದಾಜು ಮಾಡ್ರಿ. ಬಿಸಿಲಾಗ ಮೊಬೈಲ್ ಕೊಟ್ಟು ಗೇಟಿಗೆ ಕಳಿಸಿದ ಸರ್ಕಾರ ಆ ಗೇಟಿನ ಎರಡೂ ಕಡೆ ಯಾರು ನಿಂತಿರ್ತಾರ ಅಂತ ಯೋಚನೆ ಮಾಡಬೇಕಿತ್ತು.

ಮರುದಿನ ಆ ಟೀಚರಮ್ಮನ್ನ ಕಂಡು ಮಾತಾಡಿದೆ. ಅವರು ನಮ್ಮವರಲ್ಲ, ಆದರೆ ತಿಳಿದವರು. "ಹಿಂಗ ಆಗತೈತಿ ಅಂತ ನನಗ ಹೊಳೀಲೇ ಇಲ್ರಿ" ಅಂದರು. ಅವತ್ತಿನಿಂದ ಗೇಟಿನಾಗ ಕೇಳೋದು ಬಿಟ್ಟರು. "ಕುಡಿಯಾಕ ನೀರು ಕೊಡ್ರಿ" ಅಂತ ಒಳಗೆ ಹೋಗೋದು, ಕೂಡೋದು, ಮೊಬೈಲನ್ನ ಮನೆಯವರ ಕೈಗೇ ಕೊಟ್ಟು "ನೀವ ನೋಡಿ ಒತ್ರಿ" ಅನ್ನೋದು. ಆ ನೀರು ಕುಡಿದದ್ದನ್ನ ನೋಡಿಯೇ ಎರಡು ಮನೆಯವರು ಹೆಸರು ಒತ್ತಿದರು.

ಆ ಕುಟುಂಬ ಓಣಿಯೊಳಗೆ ಬರೆಸಲಿಲ್ಲ. ಆಮೇಲೆ ಶಿಬಿರ ಆದಾಗ ತಾಯಿ ಮಗಳು ಇಬ್ಬರೇ ಬಂದರು. ಗಂಡ ರೇಷನ್ ಕಾರ್ಡ್ ಕೊಟ್ಟು ಕಳಿಸಿದ್ದ, ತಾನು ಬರಲಿಲ್ಲ. ಅವತ್ತು ಅಡ್ಡಮಳೆ ಹೊಡೆದು ಮಾಳಿಗೆ ಮೇಲಿನ ಸಂಡಗಿ ಎಲ್ಲಾ ತೊಯ್ದಿದ್ದವು, ಆಕಿ ಅದನ್ನೇ ಹೇಳ್ಕೋತ ಕುಂತಳು. ಜಾತಿ ಕೇಳಿದಾಗ ತಾಯಿ ನನ್ನ ಮುಖ ನೋಡಿದಳು. ಹುಡುಗಿ ಪಟ್ಟಿ ಮೇಲಕ್ಕೆ ಕೆಳಕ್ಕೆ ಎರಡು ಸಲ ಸರಿಸಿ, ಹುಡುಕಿ, ಒತ್ತಿ, "ಇದ ಹೌದಲ್ಲೇನವ್ವಾ?" ಅಂತ ಮೊಬೈಲ್ ತಾಯಿಗೆ ತೋರಿಸಿದಳು. ಆ ಹುಡುಗಿ ತನ್ನ ಜಾತಿಯ ಹೆಸರನ್ನ ಅಕ್ಷರದಾಗ ನೋಡಿದ್ದು ಶಾಲೆಯ ದಾಖಲೆ ಬಿಟ್ಟರೆ ಅಲ್ಲೇ ಇರಬೇಕು.

ಆ ಸಮೀಕ್ಷೆಯ ಗಡುವು ಮುಂದಕ್ಕೆ ಹಾಕಿದ್ದರು. ಇಂಥ ಕೆಲಸ ಮಾಡೋ ಗೆಳೆಯರಿಗೆ ನನ್ನ ಕಳಕಳಿ ಇಷ್ಟು: ಪ್ಲಾಟು, ಕಾಲೊನಿ, ಬಾಡಿಗೆ ಮನೆ ಇರೋ ಕಡೆ ಗುಂಪು ಕಟ್ಟಿಕೊಂಡು, ನೀಲಿ ಶಾಲು ಹಾಕಿಕೊಂಡು ಹೋಗಬ್ಯಾಡ್ರಿ. ಒಬ್ಬರೇ ಹೋಗ್ರಿ, ಸಾಧ್ಯ ಆದರೆ ಹೆಣ್ಣುಮಕ್ಕಳು ಹೋಗಲಿ. ಟೀಚರಿಗೆ ಮೊದಲೇ ಹೇಳಿ ಒಳಗೆ ಕುಂತು ಕೇಳಿಸ್ರಿ. ಮನೆಯಲ್ಲಿ ಬೇಡ ಅಂದವರಿಗೆ ಆನ್‌ಲೈನಿನಾಗ ತಾವೇ ತುಂಬೋ ದಾರಿನೂ ಆ ಸಮೀಕ್ಷೆಯಾಗ ಇತ್ತು, ಆಧಾರ್, ರೇಷನ್ ಕಾರ್ಡ್ ಇಟ್ಟುಕೊಳ್ಳಬೇಕಿತ್ತು. ಯಾರು ಬರೆಸಿಲ್ಲ ಅಂತ ಫೇಸ್‌ಬುಕ್ಕಿನಾಗ ಹಾಕಬ್ಯಾಡ್ರಿ. ಆಗ ನನ್ನ ಕೈಯಾಗ ಇನ್ನೂ ಎರಡು ಮನೆ ಬಾಕಿ ಇದ್ದವು. ಒಂದರವರು ಸೂಟಿಗೆ ತವರಿಗೆ ಹೋಗಿದ್ದರು, ಇನ್ನೊಂದು ಮನೆಯ ಹಿರಿಯರು "ರವಿವಾರ ನೋಡೂಣು" ಅಂದಿದ್ದರು.

ಜೈಭೀಮ್.