ಹೊಲಿಗೆಗೆ ಬಿಟ್ಟ ಅರ್ಧ ಇಂಚು

ನಮ್ಮ ಇಂಟರ್ನ್‌ಶಿಪ್ಪಿನ ಕೊನೆಯ ವಾರಗಳು ಡಿಸೆಂಬರ್, ಜನವರಿಯಲ್ಲಿ ಬಿದ್ದವು. 2014ರ ಎನ್‌ಸಿಟಿಇ ನಿಯಮಗಳ ನಂತರ ಬಿ.ಎಡ್. ಎರಡು ವರ್ಷದ್ದಾಗಿ, ಎರಡನೇ ವರ್ಷದಲ್ಲಿ 16 ವಾರ ಶಾಲೆಯಲ್ಲೇ ಇರಬೇಕು ಎಂದಾಗಿದೆಯಷ್ಟೆ. ನನ್ನ ಪಾಲಿಗೆ ಬಂದದ್ದು ದೊಡ್ಡಬಳ್ಳಾಪುರದ ಒಂದು ಸರ್ಕಾರಿ ಶಾಲೆ, ಏಳನೇ ತರಗತಿ, ಗಣಿತ.

ಆ ಕಡೆಯ ಚಳಿ ಗೊತ್ತಿದ್ದವರಿಗೇ ಗೊತ್ತು. ನಂದಿಬೆಟ್ಟದ ಕಡೆಯಿಂದ ಇಳಿದ ಮಂಜು ಪ್ರಾರ್ಥನೆಯ ಹೊತ್ತಿಗೂ ಮೈದಾನ ಬಿಟ್ಟು ಹೋಗುತ್ತಿರಲಿಲ್ಲ. ಮಕ್ಕಳು ಮಂಕಿ ಕ್ಯಾಪಿನೊಳಗಿಂದಲೇ ನಾಡಗೀತೆ ಹಾಡಿ, ಕ್ಷೀರಭಾಗ್ಯದ ಬಿಸಿ ಹಾಲಿನ ಲೋಟವನ್ನು ಕುಡಿಯುವುದಕ್ಕಿಂತ ಹೆಚ್ಚು ಹೊತ್ತು ಕೈ ಕಾಯಿಸಿಕೊಳ್ಳಲು ಹಿಡಿದಿರುತ್ತಿದ್ದರು. ರಾಗಿ ಒಕ್ಕಣೆ, ಆಮೇಲೆ ಘಾಟಿಯ ದನಗಳ ಜಾತ್ರೆ. ಹಾಜರಿ ಪುಸ್ತಕದಲ್ಲಿ ಖಾಲಿ ಮನೆಗಳೇ ಹೆಚ್ಚು.

ನಾವು ಮೂವರು ಪ್ರಶಿಕ್ಷಣಾರ್ಥಿಗಳು ನೇಕಾರರ ಬೀದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಗೋಡೆಯಾಚೆ ವಿದ್ಯುತ್ ಮಗ್ಗ. ಮೊದಲ ವಾರ ಸದ್ದಿಗೆ ನಿದ್ದೆ ಬರಲಿಲ್ಲ. ಆಮೇಲೆ ಕರೆಂಟ್ ಹೋಗಿ ಮಗ್ಗ ನಿಂತರೆ ಎಚ್ಚರವಾಗುತ್ತಿತ್ತು. ಮೂವರಲ್ಲಿ ಒಬ್ಬಾಕೆ ಧಾರವಾಡದ ಕಡೆಯವರು, ವಯಸ್ಸಿನಲ್ಲಿ ಹಿರಿಯರು, ಅಕ್ಕ ಎನ್ನುತ್ತಿದ್ದೆವು. ಊರಿನಿಂದ ಬರುವಾಗ ಎಳ್ಳು ಹಚ್ಚಿದ ಖಡಕ್ ಸಜ್ಜೆ ರೊಟ್ಟಿಯ ಕಟ್ಟು, ಅವರ ಅವ್ವನ ಹಳೆಯ ಸೀರೆಗಳ ಗಂಟು ತಂದಿದ್ದರು. ಸಂಜೆ ನಾನು ರಾಗಿ ಹಿಟ್ಟಿಗೆ ಸಬ್ಬಸಿಗೆ ಸೊಪ್ಪು, ಬೇಯಿಸಿದ ಅವರೆಕಾಳು ಕಲಸಿ ತವದ ಮೇಲೇ ತಟ್ಟುತ್ತಿದ್ದೆ. 'ಇದೇನ ರೊಟ್ಟಿ, ತೂತು ಬ್ಯಾರೆ ಹೊಡೀತಿ' ಎಂದು ನಗುತ್ತಲೇ ಅಕ್ಕ ಮೂರು ತಿನ್ನುತ್ತಿದ್ದರು. ಊಟವಾದ ಮೇಲೆ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿಗೆ ಕೂರುತ್ತಿದ್ದರು. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುವ ಹೊಲಿಗೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರೂ ಹೀಗೇ ಸುತ್ತಿ ಬರುತ್ತಾರೆ.

ಕೌದಿ ಕಣ್ಣೆದುರಿಗಿದ್ದದ್ದರಿಂದಲೇ ವಿಸ್ತೀರ್ಣದ ಪಾಠಕ್ಕೆ ಅದನ್ನೇ ಉದಾಹರಣೆ ಮಾಡಿಕೊಂಡೆ. ಪಾಠ ಯೋಜನೆಯಲ್ಲಿ 'ಜೀವನಕ್ಕೆ ಅನ್ವಯ' ಎಂಬ ಅಂಕಣವೂ ತುಂಬಿತು ಎಂಬ ಸಮಾಧಾನ ಬೇರೆ. 6 ಅಡಿ ಉದ್ದ, 4 ಅಡಿ ಅಗಲದ ಕೌದಿ, 6 ಇಂಚಿನ ಚೌಕದ ತುಂಡುಗಳು, ಎಷ್ಟು ಬೇಕು? ಉದ್ದಕ್ಕೆ 12, ಅಗಲಕ್ಕೆ 8, ಒಟ್ಟು 96. ತರಗತಿ ಒಂದೇ ದನಿಯಲ್ಲಿ ಹೇಳಿತು. ಆಗ ಕೊನೆಯ ಸಾಲಿನಿಂದ ಒಬ್ಬ ಹುಡುಗಿ, ಅಲ್ಲಿಯವರೆಗೆ ತಾನಾಗಿ ಬಾಯಿ ಬಿಡದವಳು, ಎದ್ದು ನಿಂತಳು. 'ಸಾಕಾಗಲ್ಲ ಮಿಸ್. ಹೊಲ್ಗೆಗೆ ಬಿಡ್ಬೇಕಲ್ಲ.'

ಕಪ್ಪುಹಲಗೆಯ ಮೇಲೆ ಇನ್ನೂ ಎರಡು ಲೆಕ್ಕ ಬಾಕಿಯಿತ್ತು. 'ಲೆಕ್ಕದಲ್ಲಿ ಅದೆಲ್ಲ ಬರಲ್ಲ, ಕೂತ್ಕೊ' ಎಂದೆ. ಕೆಲವರು ನಕ್ಕರು. ಅವಳು ಕೂತಳು. ಮರುದಿನ ಹೆಸರು ಹಿಡಿದು ಕೇಳಿದರೂ ತಲೆ ಎತ್ತಲಿಲ್ಲ. ಅದರ ಮರುದಿನವೂ.

ಕೋಣೆಯಲ್ಲಿ ಇದನ್ನು ಹೇಳಿದಾಗ ಅಕ್ಕ ವಾದಕ್ಕೇ ಬರಲಿಲ್ಲ. ಕತ್ತರಿ, ಸ್ಕೇಲು ಕೈಗಿಟ್ಟು, 'ನಿನ್ನ ಲೆಕ್ಕದ್ದ ಒಂದ ಸಾಲ ಹೊಲದ ತೋರ್ಸು' ಎಂದರು. 6 ಇಂಚಿನ ಎಂಟು ತುಂಡು ಕತ್ತರಿಸಿದೆ. ಅಂಚು ಬಿಚ್ಚಿಕೊಳ್ಳದಿರಲು ಪ್ರತಿ ತುಂಡಿನ ನಾಲ್ಕೂ ಬದಿ ಅರ್ಧರ್ಧ ಇಂಚು ಒಳಗೆ ಮಡಿಚಬೇಕು. ಉಳಿಯುವುದು 5 ಇಂಚು. ರಾತ್ರಿ ಹನ್ನೊಂದಕ್ಕೆ ಟೇಪು ಹಿಡಿದರೆ 48 ಇರಬೇಕಾದ ಸಾಲು 40 ಇಂಚಿಗೆ ನಿಂತಿತ್ತು. ಅಗಲಕ್ಕೆ 10, ಉದ್ದಕ್ಕೆ 15, ಅಂದರೆ 150 ತುಂಡು ಬೇಕು. ಹುಡುಗಿ ಹೇಳಿದ್ದು ಸರಿ. ಅವಳ ತಾಯಿ ಗಾರ್ಮೆಂಟ್ಸಿನಲ್ಲಿ ಟೈಲರ್ ಎಂಬುದು ನನಗೆ ತಿಳಿದದ್ದು ಆಮೇಲೆ. ತಿಳಿಯದಿದ್ದರೂ 'ಯಾಕೆ?' ಎಂದು ಒಂದು ಮಾತು ಕೇಳಬಹುದಿತ್ತು. ಮಕ್ಕಳ ಪೂರ್ವಜ್ಞಾನದ ಬಗ್ಗೆ ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದವಳು ನಾನು.

ಸೋಮವಾರ ಅದೇ 40 ಇಂಚಿನ ಸಾಲನ್ನು ತರಗತಿಗೆ ಒಯ್ದೆ. ಯೋಜನೆಯಲ್ಲಿದ್ದದ್ದು ತ್ರಿಭುಜದ ವಿಸ್ತೀರ್ಣ. 'ಮೊನ್ನೆ ತಪ್ಪು ನನ್ನದು' ಎಂದು ಅವಳನ್ನು ಕರೆದೆ. ಬರಲಿಲ್ಲ. ಒತ್ತಾಯಿಸದೆ ಎಲ್ಲರಿಗೂ ಹಳೆಯ ಪತ್ರಿಕೆಯ ಚೌಕಗಳನ್ನು ಹಂಚಿ, ಅಂಚು ಮಡಿಚಿ ಜೋಡಿಸಲು ಹೇಳಿದೆ. ಮೊದಲ ಬೆಂಚಿನವರ ಮಡಿಕೆ ಸೊಟ್ಟಗಾಗಿ ಸಾಲು ಬಾಗಿತು. ಅವಳು ತಡೆಯಲಾರದೆ ಎದ್ದು ಬಂದು, 'ಮೊದ್ಲು ಗೆರೆ ಹಾಕ್ಕೋಬೇಕು ಕಣೋ' ಎಂದು ಪಕ್ಕದ ಹುಡುಗನ ಕೈಯಿಂದ ಕಾಗದ ಕಿತ್ತುಕೊಂಡಳು.

ಅಂದೇ ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕರು 'ಪಾಠ ಯೋಜನೆಯಂತೆ ನಡೆದಿಲ್ಲ, ಸಮಯ ನಿರ್ವಹಣೆ ಸಾಲದು' ಎಂದು ಬರೆದರು. ಸಂಕಟವಾಯಿತು, ಒಪ್ಪುತ್ತೇನೆ. ಅವರು ಬರೆದದ್ದು ಸುಳ್ಳಲ್ಲ. ತ್ರಿಭುಜ ಆ ವಾರ ಮುಗಿಯಲೇ ಇಲ್ಲ, ಅರ್ಧ ತರಗತಿಗೆ 150 ಎಲ್ಲಿಂದ ಬಂತೆಂದು ಮತ್ತೊಮ್ಮೆ ಹೇಳಬೇಕಾಯಿತು. ಆದರೆ ಆ ಪಟ್ಟಿಯಲ್ಲಿ ಹುಡುಗಿ ಎದ್ದು ಬಂದದ್ದನ್ನು ಬರೆಯಲು ಯಾವ ಅಂಕಣವೂ ಇರಲಿಲ್ಲ. ದಿನಚರಿಯಲ್ಲಿ ನಾನೇ ಬರೆದುಕೊಂಡೆ.

ಅಕ್ಕನ ಕೌದಿಗೂ ಸೀರೆ ಸಾಲದೆ 54 ತುಂಡು ಕಡಿಮೆ ಬಿದ್ದವು. ನಮ್ಮಿಬ್ಬರ ಹಳೆಯ ಚೂಡಿದಾರಗಳು, ನನ್ನ ಒಂದು ವೇಲು ಅದರೊಳಗೆ ಹೋದವು. ಸಂಕ್ರಾಂತಿ ಕಳೆದು, ಕೋಣೆ ಖಾಲಿ ಮಾಡುವ ಹಿಂದಿನ ರಾತ್ರಿ ನಡುವಿನಲ್ಲಿ ಅಂಗೈಯಷ್ಟು ಜಾಗ ಉಳಿದಾಗ ಅಕ್ಕ ಸೂಜಿ ನಿಲ್ಲಿಸಿದರು. ಅವರ ಮನೆಯಲ್ಲಿ ಕೌದಿಯ ಬಾಯಿ ಮುಚ್ಚುವ ಮೊದಲು ಒಳಗೆ ಹೋಳಿಗೆಯ ಚೂರು ಇಡುತ್ತಾರಂತೆ, ಕೌದಿ ಹಸಿದಿರಬಾರದು ಎಂದು. ಹೋಳಿಗೆ ಎಲ್ಲಿ ತರುವುದು? ತವದ ಮೇಲಿದ್ದ ರಾಗಿ ರೊಟ್ಟಿಯ ಅಂಚು ಮುರಿದು, ಅವರೆಕಾಳು ಆರಿಸಿ ತೆಗೆದು, ಒಳಗಿಟ್ಟು ಹೊಲಿದರು. ಆ ರಾತ್ರಿ ಮೂವರೂ ಅದನ್ನೇ ಹೊದ್ದು ಮಲಗಿದೆವು. ಮಗ್ಗ ನಡೆಯುತ್ತಲೇ ಇತ್ತು.